ಚಪ್ಪಲಿ ಇಲ್ಲದ ಸಿಂಡ್ರೆಲಾ

ಕಳೆದುಹೋದ ಹುಡುಗಿಯನ್ನು ಹುಡುಕಬೇಕು. ಗುರುತು ಹಿಡಿಯುವುದು ಹೇಗೆ? ಫ್ರಾನ್ಸಿನ ಕತೆಯಲ್ಲಿ ಗಾಜಿನ ಚಪ್ಪಲಿಯಿಂದ. ದಕ್ಷಿಣ ಚೀನಾದ ಕತೆಯಲ್ಲಿ ಚಿನ್ನದ ಚಪ್ಪಲಿಯಿಂದ. ನಮ್ಮ ಬೆಳಗಾವಿ ಕಡೆಯ ಕತೆಯಲ್ಲಿ ಬಾಯಿಗಿಟ್ಟ ಒಂದು ತುತ್ತು ಸಿಹಿ ಅನ್ನದಿಂದ.

ಈ ಮೂರೂ ಒಂದೇ ಕತೆಯ ಮೂರು ರೂಪಗಳು ಅಂತ ಜಾನಪದ ವಿದ್ವಾಂಸರು ಹೇಳುತ್ತಾರೆ. ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಚಪ್ಪಲಿಯೇ ಇಲ್ಲದ ಮೇಲೆ ಅದು ಸಿಂಡ್ರೆಲಾ ಕತೆ ಹೇಗಾಗುತ್ತದೆ? ಮಸಾಲೆ ಇಲ್ಲದ ದೋಸೆಯನ್ನೂ ಮಸಾಲೆ ದೋಸೆ ಅನ್ನಬಹುದಾ? ಆದರೆ ಈ ಪ್ರಶ್ನೆಯ ಬೆನ್ನು ಹತ್ತಿದರೆ, ಕತೆಗಳನ್ನು ಓದುವ ವಿದ್ವಾಂಸರು ಇನ್ನೂರು ವರ್ಷಗಳಿಂದ ಏನು ಜಗಳ ಆಡುತ್ತಿದ್ದಾರೆ ಅನ್ನುವುದು ಹೆಚ್ಚುಕಡಿಮೆ ಪೂರ್ತಿ ಅರ್ಥವಾಗುತ್ತದೆ. ಹಾಗಾಗಿ ಒಂದೇ ಕತೆಯನ್ನು ಕೈಯಲ್ಲಿ ಹಿಡಿದುಕೊಂಡು ಅವರೆಲ್ಲರ ಮನೆ ಬಾಗಿಲು ತಟ್ಟೋಣ.

ಮೊದಲು ನಮ್ಮ ಕತೆ. ಇದರ ಹೆಸರು ‘ಹಂಚಿ’. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಆಮೇಲೆ ಷಿಕಾಗೋ ವಿಶ್ವವಿದ್ಯಾಲಯ ಸೇರಿದ ಎ. ಕೆ. ರಾಮಾನುಜನ್ ಇದನ್ನು ಉತ್ತರ ಕರ್ನಾಟಕದಲ್ಲಿ ಕೇಳಿ ಬರೆದುಕೊಂಡರು. 1982ರಲ್ಲಿ ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಸಿಂಡ್ರೆಲಾ ಬಗ್ಗೆ ಒಂದು ಲೇಖನ ಸಂಗ್ರಹ ತಂದಾಗ ಅದರಲ್ಲಿ ಇದೂ ಸೇರಿತು.

ಒಬ್ಬ ಮುದುಕಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳಿಗೆ ಚಿನ್ನದ ಬಣ್ಣದ ಕೂದಲು. ಮಗ ದೊಡ್ಡವನಾದ ಮೇಲೆ ತಂಗಿಯ ಮೇಲೇ ಅವನಿಗೆ ಮನಸ್ಸಾಗುತ್ತದೆ. ಅವಳನ್ನೇ ಮದುವೆಯಾಗುತ್ತೇನೆ ಅನ್ನುತ್ತಾನೆ. ತಾಯಿಗೆ ಎದೆ ಒಡೆಯುತ್ತದೆ. ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ, ಮನೆ ಬಿಟ್ಟು ಎಲ್ಲಾದರೂ ಹೋಗಿ ಬದುಕಿಕೋ ಎಂದು ಕಳಿಸುತ್ತಾಳೆ. ಮುಖ ಹಂಚಿನ ಹಾಗಿದೆ, ಅದಕ್ಕೇ ಹುಡುಗಿಗೆ ಹಂಚಿ ಅನ್ನುವ ಹೆಸರು ಅಂಟಿಕೊಳ್ಳುತ್ತದೆ. ಸಾಹುಕಾರನೊಬ್ಬನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಕೈ ಅಡುಗೆ ಚೆನ್ನ. ಸಿಹಿ ಅನ್ನ ಮಾಡುವುದರಲ್ಲಂತೂ ಎತ್ತಿದ ಕೈ. ಒಂದು ದಿನ ಮನೆಯವರೆಲ್ಲ ತೋಟದ ಊಟಕ್ಕೆ ಹೋದಾಗ ಮುಖವಾಡ ತೆಗೆದು ಸ್ನಾನಕ್ಕೆ ಕೂರುತ್ತಾಳೆ. ಅಷ್ಟರಲ್ಲಿ ಮನೆಗೆ ವಾಪಸ್ ಬಂದ ಸಾಹುಕಾರನ ಕಿರಿ ಮಗ ನೋಡಿಬಿಡುತ್ತಾನೆ. ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿಯುತ್ತಾನೆ. ಮುಖವಾಡ ಒಡೆದುಹೋಗುತ್ತದೆ, ಮದುವೆ ಆಗುತ್ತದೆ.

ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯುವುದಿಲ್ಲ. ಆ ಮನೆಗೆ ಬಂದು ಹೋಗುವ ಗುರುವಿಗೆ ಹೊಸ ಸೊಸೆಯ ಮೇಲೆ ಕಣ್ಣು. ಮಂತ್ರ ಹಾಕಿದ ಬಾಳೆಹಣ್ಣು ಕೊಡುತ್ತಾನೆ. ಹಂಚಿ ಅದನ್ನು ಸುಮ್ನೆ ಎಮ್ಮೆಗೆ ತಿನ್ನಿಸುತ್ತಾಳೆ. ರಾತ್ರಿ ಆ ಎಮ್ಮೆ ಗುರುವಿನ ಬಾಗಿಲಿಗೆ ಹೋಗಿ ಗುದ್ದುತ್ತದೆ! ಹೇಳುವವರು ಇಲ್ಲಿ ನಗದೆ ಮುಂದೆ ಹೋಗುವುದು ಕಷ್ಟ. ಅವಮಾನವಾದ ಗುರು ಅವಳ ಮೇಲೆ ಹಾದರದ ಸುಳ್ಳು ಹೊರಿಸುತ್ತಾನೆ. ಮನೆಯವರು ನಂಬುತ್ತಾರೆ. ಅವಳನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚುತ್ತಾರೆ. ಪೆಟ್ಟಿಗೆ ಗುರುವಿನ ಕೈಸೇರುತ್ತದೆ. ಅವನು ಅದನ್ನು ಒಬ್ಬ ಮುದುಕಿಯ ಮನೆಯಲ್ಲಿ ಇಟ್ಟು ಹೋಗುತ್ತಾನೆ. ಆ ಮುದುಕಿ ಹಂಚಿಯ ತಾಯಿಯೇ. ಮಗಳನ್ನು ಹೊರಗೆ ತೆಗೆದು ಅದರಲ್ಲಿ ಹುಚ್ಚುನಾಯಿಗಳನ್ನು ಕೂಡುತ್ತಾಳೆ. ಗುರು ಆಸೆಯಿಂದ ಮುಚ್ಚಳ ತೆಗೆಯುತ್ತಾನೆ. ಅವನ ಕತೆ ಅಲ್ಲಿಗೆ ಮುಗಿಯಿತು. ಕೊನೆಗೆ ಗಂಡನ ಮನೆಯವರು ಮುದುಕಿಯ ಮನೆಗೆ ಊಟಕ್ಕೆ ಬರುತ್ತಾರೆ. ಗಂಡ ಒಂದು ತುತ್ತು ಬಾಯಿಗಿಡುತ್ತಾನೆ. ಈ ರುಚಿ ಅವಳ ಕೈಯದೇ.

ಈಗ ಪ್ರಶ್ನೆ: ಇದು ಸಿಂಡ್ರೆಲಾ ಹೇಗೆ?

ಎಣಿಸಿದವರು

1893ರಲ್ಲಿ ಲಂಡನ್ನಿನಲ್ಲಿ ಮರಿಯನ್ ರೋಲ್ಫ್ ಕಾಕ್ಸ್ ಎಂಬ ಮಹಿಳೆ ಒಂದು ಭಾರೀ ಕೆಲಸ ಮುಗಿಸಿದರು. ಬೇರೆ ಬೇರೆ ದೇಶಗಳಿಂದ ಸಿಂಡ್ರೆಲಾ ಮತ್ತು ಅದರ ನೆಂಟರಂಥ 345 ಕತೆಗಳನ್ನು ಒಟ್ಟು ಮಾಡಿ, ಪ್ರತಿಯೊಂದನ್ನೂ ತುಂಡು ತುಂಡಾಗಿ ಬಿಡಿಸಿ ಪ್ರಕಟಿಸಿದರು. ಮನೆಯಲ್ಲಿ ಹಿಂಸೆ ಪಡುವ ಹುಡುಗಿ, ವೇಷ ಮರೆಸುವುದು, ಎಲ್ಲಿಂದಲೋ ಸಿಗುವ ಸಹಾಯ, ದೊಡ್ಡ ಮನೆಯ ಹುಡುಗನ ಕಣ್ಣಿಗೆ ಬೀಳುವುದು, ಗುರುತು ಹಿಡಿಯುವುದು. 1951ರಲ್ಲಿ ಸ್ವೀಡನ್ನಿನ ಆನ್ನ ಬಿರ್ಗಿಟ್ಟ ರೂತ್ ಮತ್ತೆ ಎಣಿಸಿದಾಗ ಲೆಕ್ಕ ಸುಮಾರು 700ಕ್ಕೆ ಏರಿತ್ತು.

ಇಷ್ಟು ಸಾಮಾನು ಬಿದ್ದಿರುವಾಗ ಯಾರಾದರೂ ಕಪಾಟು ಮಾಡಿಸಲೇಬೇಕು. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಕತೆಗಳಿಗೆ ನಂಬರು ಕೊಟ್ಟರು. ಅಮೆರಿಕದ ಸ್ಟಿತ್ ಥಾಮ್ಸನ್ 1928ರಲ್ಲೂ 1961ರಲ್ಲೂ ಅದನ್ನು ಬೆಳೆಸಿದರು. 2004ರಲ್ಲಿ ಜರ್ಮನಿಯ ಹಾನ್ಸ್ ಯೋರ್ಗ್ ಊಥರ್ ತಿದ್ದಿ ಹೊಸದು ಮಾಡಿದರು. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರು ಇರುತ್ತದಲ್ಲ, ಹಾಗೇ. ಸಿಂಡ್ರೆಲಾಳ ನಂಬರು 510ಎ. ಅಪ್ಪನೇ ಮಗಳನ್ನು ಮದುವೆಯಾಗಲು ಹೊರಟಾಗ ಅವಳು ವೇಷ ಮರೆಸಿ ಓಡುವ ಕತೆ 510ಬಿ. ಇಡೀ ಕತೆಗೆ ಒಂದು ನಂಬರಾದರೆ, ಅದರೊಳಗಿನ ಬಿಡಿ ಸಂಗತಿಗಳಿಗೆ ಬೇರೆಯೇ ಪಟ್ಟಿ. ಕನ್ನಡದ ಜಾನಪದ ಅಧ್ಯಯನದಲ್ಲಿ ಇಂಥ ಬಿಡಿ ಸಂಗತಿಯನ್ನು ಆಶಯ ಅನ್ನುತ್ತಾರೆ, ಇಡೀ ಕತೆಯ ಅಚ್ಚನ್ನು ವರ್ಗ ಅನ್ನುತ್ತಾರೆ.

ಈ ಕಪಾಟಿನಲ್ಲಿ ಹಂಚಿಯನ್ನು ಇಡಲು ಹೋದರೆ ಅವಳು ಎರಡು ಖಾನೆಯಲ್ಲಿ ಕಾಲಿಡುತ್ತಾಳೆ. ಮೊದಲರ್ಧ 510ರ ಗುಂಪು, ಅಪ್ಪನ ಜಾಗದಲ್ಲಿ ಅಣ್ಣ. ಎರಡನೇ ಅರ್ಧ 896, ಅಂದರೆ ಕಾಮುಕ ಸನ್ಯಾಸಿ ಮತ್ತು ಪೆಟ್ಟಿಗೆಯೊಳಗಿನ ಹುಡುಗಿಯ ಕತೆ. ರಾಮಾನುಜನ್ ತೋರಿಸಿದ್ದು ಇದನ್ನೇ.

ನಂಬರು ಕೊಡುವುದು ಒಣ ಕೆಲಸದಂತೆ ಕಾಣುತ್ತದೆ, ನಿಜ. ಆದರೆ ಅದಿಲ್ಲದಿದ್ದರೆ ಬೆಳಗಾವಿಯ ಮುದುಕಿ ಹೇಳಿದ್ದಕ್ಕೂ ಪ್ಯಾರಿಸ್ಸಿನಲ್ಲಿ ಅಚ್ಚಾಗಿದ್ದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಹೋಲಿಕೆ ಗೊತ್ತಾದ ಮೇಲೆಯೇ ವ್ಯತ್ಯಾಸ ಕಣ್ಣಿಗೆ ಬೀಳುವುದು. ನನಗಂತೂ ಈ ಇಡೀ ವಿಷಯದಲ್ಲಿ ರುಚಿ ಇರುವುದು ವ್ಯತ್ಯಾಸದಲ್ಲೇ.

ಮೂಲ ಹುಡುಕಿದವರು

ಎಣಿಸುವುದಕ್ಕಿಂತ ಮುಂಚೆ ವಿದ್ವಾಂಸರಿಗಿದ್ದ ಹುಚ್ಚು ಮೂಲದ್ದು. ಈ ಕತೆ ಮೊದಲು ಹುಟ್ಟಿದ್ದೆಲ್ಲಿ? 1812ರಲ್ಲಿ ತಮ್ಮ ಮೊದಲ ಸಂಪುಟ ತಂದ ಜರ್ಮನಿಯ ಗ್ರಿಮ್ ಸಹೋದರರಿಗೆ ಜನಪದ ಕತೆಗಳು ಹಳೆಯ ಪುರಾಣಗಳ ಒಡೆದ ಚೂರುಗಳಂತೆ ಕಂಡವು. ಋಗ್ವೇದವನ್ನು ಅಚ್ಚು ಮಾಡಿಸಿದ ಮ್ಯಾಕ್ಸ್ ಮುಲ್ಲರ್ ಮತ್ತು ಅವರ ಹಿಂಬಾಲಕರಿಗೆ ಎಲ್ಲ ಪುರಾಣಗಳಲ್ಲೂ ಸೂರ್ಯನೇ ಕಂಡ. ಆ ಲೆಕ್ಕದಲ್ಲಿ ಬೂದಿ ಬಳಿದುಕೊಂಡ ಹುಡುಗಿ ಅಂದರೆ ಮೋಡ ಮುಸುಕಿದ ಉಷೆ, ಹುಡುಕಿಕೊಂಡು ಬರುವ ರಾಜಕುಮಾರ ಸೂರ್ಯ. ಇದನ್ನು ಕೇಳಿ ಕೇಳಿ ಬೇಸತ್ತ ಐರ್ಲೆಂಡಿನ ಆರ್. ಎಫ್. ಲಿಟಲ್‌ಡೇಲ್ ಎಂಬವರು 1870ರಲ್ಲಿ ಒಂದು ಕುಚೋದ್ಯದ ಲೇಖನ ಬರೆದರು. ಮುಲ್ಲರ್ ಅವರದೇ ವಿಧಾನ ಬಳಸಿ, ಮ್ಯಾಕ್ಸ್ ಮುಲ್ಲರ್ ಎಂಬ ಮನುಷ್ಯ ಇಲ್ಲವೇ ಇಲ್ಲ, ಅವರೇ ಒಂದು ಸೂರ್ಯ ಪುರಾಣ ಎಂದು ಸಾಧಿಸಿ ತೋರಿಸಿದರು! ಯಾವುದನ್ನು ಬೇಕಾದರೂ ಸಾಧಿಸಿ ತೋರಿಸುವ ವಿಧಾನ ಯಾವುದನ್ನೂ ಸಾಧಿಸಿದಂತಲ್ಲ. ಈ ಮಾತನ್ನು ಮುಂದೆ ಬರುವವರಿಗೂ ಅನ್ವಯಿಸಿ ನೋಡಿ.

1859ರಲ್ಲಿ ಥಿಯೊಡೋರ್ ಬೆನ್‌ಫೈ ಪಂಚತಂತ್ರವನ್ನು ಜರ್ಮನ್ ಭಾಷೆಗೆ ತಂದು, ಯುರೋಪಿನ ಬಹುತೇಕ ಕತೆಗಳು ಭಾರತದಿಂದ ಹೊರಟವು ಅಂದರು. ಪಂಚತಂತ್ರದ ಮಟ್ಟಿಗೆ ಆ ಪಯಣದ ಹೆಜ್ಜೆ ಗುರುತುಗಳು ಸಿಗುತ್ತವೆ: ಆರನೇ ಶತಮಾನದಲ್ಲಿ ಪಹ್ಲವಿ, ಎಂಟರಲ್ಲಿ ಅರಬ್ಬಿ, ಅಲ್ಲಿಂದ ಯುರೋಪು. ನಮ್ಮಲ್ಲೂ 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ. ಅವನು ಹಿಡಿದದ್ದು ವಿಷ್ಣುಶರ್ಮನ ದಾರಿಯನ್ನಲ್ಲ, ವಸುಭಾಗಭಟ್ಟನ ಪಾಠವನ್ನು, ಅಂದರೆ ಅದೇ ಕತೆಗಳ ಇನ್ನೊಂದು ರೂಪವನ್ನು. ಅಂದರೆ ಮೂಲ ಅಂತ ಒಂದೇ ಇರುತ್ತದೆ ಅನ್ನುವ ನಂಬಿಕೆಗೆ ಕನ್ನಡದ ಪಂಚತಂತ್ರವೇ ಒಂದು ತಕರಾರು. ಪುಸ್ತಕ ಊರಿಂದೂರಿಗೆ ಹೋದದ್ದನ್ನು ತೋರಿಸಬಹುದು. ಬಾಯಿಂದ ಬಾಯಿಗೆ ಹೋದದ್ದಕ್ಕೆ ರಶೀದಿ ಎಲ್ಲಿ?

ಸಿಂಡ್ರೆಲಾ ವಿಷಯಕ್ಕೆ ಬಂದರೆ, ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರೇಬೊ ಈಜಿಪ್ಟಿನ ಬಗ್ಗೆ ಬರೆಯುತ್ತ ಒಂದು ತುಣುಕು ಹೇಳುತ್ತಾನೆ. ರೊಡೋಪಿಸ್ ಎಂಬಾಕೆ ಸ್ನಾನ ಮಾಡುವಾಗ ಹದ್ದು ಅವಳ ಒಂದು ಚಪ್ಪಲಿಯನ್ನು ಕಚ್ಚಿಕೊಂಡು ಹೋಗಿ ಮೆಂಫಿಸ್‌ನಲ್ಲಿ ರಾಜನ ಮಡಿಲಿಗೆ ಹಾಕುತ್ತದೆ. ರಾಜ ಅವಳನ್ನು ಹುಡುಕಿಸಿ ಮದುವೆಯಾಗುತ್ತಾನೆ. ಚಪ್ಪಲಿ ಇದೆ, ಮದುವೆ ಇದೆ. ಆದರೆ ಮನೆಯ ಹಿಂಸೆ ಇಲ್ಲ, ಬೂದಿ ಇಲ್ಲ. ಹಂಚಿಯಲ್ಲಿ ಚಪ್ಪಲಿ ಇಲ್ಲ, ಉಳಿದದ್ದೆಲ್ಲ ಇದೆ. ಸಿಂಡ್ರೆಲಾಗೆ ಯಾರು ಹತ್ತಿರದ ನೆಂಟರು ಹೇಳಿ?

ಇಡಿಯಾಗಿ ಸಿಗುವ ಹಳೆಯ ರೂಪ ಚೀನಾದ್ದು. ಒಂಬತ್ತನೇ ಶತಮಾನದ ನಡುವಿನಲ್ಲಿ ದುವಾನ್ ಚೆಂಗ್‌ಷಿ ಎಂಬ ಅಧಿಕಾರಿ, ತನ್ನ ಮನೆಯಲ್ಲಿ ಕೆಲಸಕ್ಕಿದ್ದ ದಕ್ಷಿಣದ ಕಡೆಯವನೊಬ್ಬ ಹೇಳಿದ್ದನ್ನು ಬರೆದಿಟ್ಟ. ಯೆ ಷಿಯಾನ್ ಎಂಬ ಹುಡುಗಿ. ಮಲತಾಯಿ ಕಾಟ. ಹುಡುಗಿ ಸಾಕಿದ ಮೀನನ್ನು ಮಲತಾಯಿ ಕೊಂದು ತಿನ್ನುತ್ತಾಳೆ. ಆ ಮೀನಿನ ಮೂಳೆಗಳೇ ಹುಡುಗಿ ಕೇಳಿದ್ದನ್ನೆಲ್ಲ ಕೊಡುತ್ತವೆ. ಹಬ್ಬಕ್ಕೆ ಹೋದವಳು ಚಿನ್ನದ ಚಪ್ಪಲಿ ಬೀಳಿಸಿಕೊಂಡು ಬರುತ್ತಾಳೆ. ಅದು ಕೂದಲಿನಷ್ಟು ಹಗುರ, ಕಲ್ಲಿನ ಮೇಲೆ ನಡೆದರೂ ಸದ್ದಿಲ್ಲ. ಯಾರು ಹಾಕಿಕೊಳ್ಳಲು ನೋಡಿದರೂ ಅದು ಒಂದಂಗುಲ ಚಿಕ್ಕದಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಚೀನಾದಲ್ಲಿ ಹೆಂಗಸರ ಪಾದ ಕಟ್ಟುವ ಪದ್ಧತಿ ಇತ್ತಲ್ಲ, ಅದಕ್ಕೇ ಸಣ್ಣ ಚಪ್ಪಲಿಯ ಕತೆ ಅಲ್ಲಿ ಹುಟ್ಟಿತು ಅಂತ ಎಲ್ಲೆಲ್ಲೂ ಓದುತ್ತೇವೆ. ಕೇಳಲು ಎಷ್ಟು ಸರಿಯಾಗಿ ಕೂರುತ್ತದೆ! ಆದರೆ ದುವಾನ್ ಚೆಂಗ್‌ಷಿ ತೀರಿಕೊಂಡದ್ದು 863ರಲ್ಲಿ. ಪಾದ ಕಟ್ಟುವುದು ಹಬ್ಬಿದ್ದು ಅವನ ಕಾಲ ಕಳೆದು, ಸೋಂಗ್ ಅರಸರ ಕಾಲದಲ್ಲಿ. ಕತೆಗೆ ಅರ್ಥ ಹಚ್ಚುವ ಮೊದಲು ತಾರೀಖು ನೋಡಬೇಕು. ಗಾಜಿನ ಚಪ್ಪಲಿಗೂ ಇದೇ ಗತಿಯಾಯಿತು. ಅದು ಗಾಜಲ್ಲ, ಒಂದು ಬಗೆಯ ತುಪ್ಪಳ, ಫ್ರೆಂಚಿನಲ್ಲಿ ಎರಡೂ ಪದ ಒಂದೇ ತರಹ ಕೇಳಿಸುವುದರಿಂದ ತಪ್ಪಾಯಿತು ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ಜಾಣರು ಹಬ್ಬಿಸಿದರು. 1697ರಲ್ಲಿ ಶಾರ್ಲ್ ಪೆರೊ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇರುವುದು ಗಾಜೇ. ಗಾಜಿನ ಚಪ್ಪಲಿ ಹಾಕಿಕೊಂಡು ಕುಣಿಯಲು ಆಗುವುದಿಲ್ಲ ಅನ್ನುವವರು ಕುಂಬಳಕಾಯಿ ರಥವಾದದ್ದನ್ನು ಹೇಗೆ ಒಪ್ಪಿಕೊಂಡರೋ.

ಬಿಚ್ಚಿ ನೋಡಿದವರು

ಇಪ್ಪತ್ತನೇ ಶತಮಾನದಲ್ಲಿ ಗಾಳಿ ಬದಲಾಯಿತು. ಕತೆ ಎಲ್ಲಿಂದ ಬಂತು ಅನ್ನುವುದು ಬಿಡಿ, ಅದು ಕೆಲಸ ಮಾಡುವುದು ಹೇಗೆ ಅನ್ನುವ ಪ್ರಶ್ನೆ ಮುಂದೆ ಬಂತು.

ರಷ್ಯಾದ ವ್ಲಾದಿಮಿರ್ ಪ್ರಾಪ್ ನೂರು ಮಾಯಾ ಕತೆಗಳನ್ನು ಮುಂದಿಟ್ಟುಕೊಂಡು 1928ರಲ್ಲಿ ಒಂದು ಪುಸ್ತಕ ಬರೆದರು. ಪಾತ್ರಗಳು ಬದಲಾಗುತ್ತವೆ, ಅವು ಮಾಡುವ ಕೆಲಸ ಬದಲಾಗುವುದಿಲ್ಲ ಅನ್ನುವುದು ಅವರ ಮಾತು. ರಾಜ ವೀರನಿಗೆ ಹದ್ದು ಕೊಟ್ಟ, ಮುದುಕ ಕುದುರೆ ಕೊಟ್ಟ, ಮಂತ್ರವಾದಿ ದೋಣಿ ಕೊಟ್ಟ. ಮೂರೂ ಒಂದೇ ಕೆಲಸ: ಪ್ರಯಾಣಕ್ಕೆ ಸಾಧನ ಸಿಕ್ಕಿತು. ಹೀಗೆ ಲೆಕ್ಕ ಹಾಕಿ ಒಟ್ಟು 31 ಕೆಲಸಗಳು ಅಂದರು. ಎಲ್ಲ ಕತೆಯಲ್ಲೂ ಎಲ್ಲವೂ ಇರಬೇಕಿಲ್ಲ, ಇದ್ದವು ಮಾತ್ರ ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ಬರುತ್ತವೆ.

ಆ ಪಟ್ಟಿಯ 31ನೆಯದು, ಅಂದರೆ ಕಟ್ಟಕಡೆಯದು, ಮದುವೆ. ಹಂಚಿಯಲ್ಲಿ ಮದುವೆ ಬರುವುದು ನಡುವಿನಲ್ಲಿ. ಇದು ಎರಡು ಸುತ್ತಿನ ಕತೆ ಅಂದುಬಿಟ್ಟರೆ ಪ್ರಾಪ್‌ಗೆ ತೊಂದರೆಯಿಲ್ಲ. ಅದಕ್ಕೂ ಅವರಲ್ಲಿ ಜಾಗ ಇದೆ. ಆದರೆ ಎರಡನೇ ಸುತ್ತು ಯಾಕೆ ಬೇಕಾಯಿತು ಅನ್ನುವ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರ ಇಲ್ಲ. ಆ ಉತ್ತರಕ್ಕೆ ಆಮೇಲೆ ಬರುತ್ತೇನೆ.

ಫ್ರಾನ್ಸಿನ ಕ್ಲಾಡ್ ಲೆವಿ ಸ್ಟ್ರಾಸ್ ಇನ್ನೊಂದು ದಾರಿ ಹಿಡಿದರು. ಅವರಿಗೆ ಘಟನೆಗಳ ಸಾಲು ಮುಖ್ಯವಲ್ಲ, ಎದುರುಬದುರು ಜೋಡಿಗಳು ಮುಖ್ಯ. ಹಸಿ–ಬೇಯಿಸಿದ್ದು, ಮೇಲೆ–ಕೆಳಗೆ, ಕಾಡು–ಊರು. ಮನುಷ್ಯನ ಬುದ್ಧಿ ಇಂಥ ಜೋಡಿಗಳಲ್ಲಿ ಯೋಚಿಸುತ್ತದೆ, ಆ ಎರಡರ ಜಗಳ ಬಿಡಿಸಲು ನಡುವೆ ಯಾರನ್ನಾದರೂ ಕೂರಿಸುತ್ತದೆ, ಪುರಾಣ ಅಂದರೆ ಇದೇ ಕೆಲಸ. 1955ರ ಒಂದು ಪ್ರಸಿದ್ಧ ಲೇಖನದಲ್ಲಿ ಅವರು ಯುರೋಪಿನ ಸಿಂಡ್ರೆಲಾಳನ್ನೂ ಅಮೆರಿಕದ ಮೂಲನಿವಾಸಿಗಳ ‘ಬೂದಿ ಹುಡುಗ’ನನ್ನೂ ಪಕ್ಕಪಕ್ಕ ನಿಲ್ಲಿಸಿದರು. ಅವಳು ಹೆಣ್ಣು, ಇವನು ಗಂಡು. ಅವಳಿಗೆ ಅಪ್ಪನ ಎರಡನೇ ಮದುವೆಯಿಂದ ಎರಡೆರಡು ಸಂಸಾರ, ಇವನು ಅನಾಥ. ಅವಳು ಚೆಲುವೆ, ಇವನು ಕುರೂಪಿ. ಅವಳನ್ನು ಯಾರೂ ಪ್ರೀತಿಸುವುದಿಲ್ಲ, ಇವನು ಪ್ರೀತಿಸಿದವಳು ಇವನಿಗೆ ಸಿಗುವುದಿಲ್ಲ. ಅವಳಿಗೆ ಮಾಯೆಯಿಂದ ಚಂದದ ಬಟ್ಟೆ ಬರುತ್ತದೆ, ಇವನ ಮೇಲಿನ ಕುರೂಪ ಮಾಯೆಯಿಂದ ಕಳಚುತ್ತದೆ. ಕನ್ನಡಿಯಲ್ಲಿ ಎಡ ಬಲವಾದ ಹಾಗೆ ಎಲ್ಲವೂ ತಿರುಗುಮುರುಗು. ಇಬ್ಬರಿಗೂ ಸಮವಾಗಿರುವುದು ಬೂದಿ. ಒಲೆ ನೆಲದ ಮೇಲಿದೆ, ಅದರ ಮಸಿ ಸೂರಿಗೆ ಹತ್ತುತ್ತದೆ. ಹಾಗಾಗಿ ಬೂದಿ, ಮಸಿ ಎರಡೂ ಕೆಳಗಿಗೂ ಮೇಲಿಗೂ ನಡುವಿನ ಸೇತುವೆ.

ಇದನ್ನು ಓದುವಾಗ ನನಗೆ ಹಂಚಿಯ ಹೆಸರು ನೆನಪಾಗಿ ಮೈ ಜುಂ ಅಂತು. ಹಂಚು ಅಂದರೆ ಏನು? ರೊಟ್ಟಿ ಸುಡಲು ಒಲೆಯ ಮೇಲೆ ಇಡುವುದೂ ಹಂಚು, ಮನೆಯ ಮಾಡಿಗೆ ಹೊದಿಸುವುದೂ ಹಂಚು. ಒಲೆ ಮತ್ತು ಸೂರು ಎರಡನ್ನೂ ಒಂದೇ ಪದ ಹಿಡಿದಿಟ್ಟಿದೆ! ಲೆವಿ ಸ್ಟ್ರಾಸ್‌ಗೆ ಕನ್ನಡ ಬಂದಿದ್ದರೆ ಕುಣಿದಾಡುತ್ತಿದ್ದರೇನೋ. ಆದರೆ ಸ್ವಲ್ಪ ಹೊತ್ತಿಗೆ ನನಗೇ ಅನುಮಾನ ಬಂತು. ಇಷ್ಟು ಸಲೀಸಾಗಿ ಸಿಕ್ಕಿತಲ್ಲ, ಇದೂ ಮುಲ್ಲರ್ ಅವರ ಸೂರ್ಯನಂಥದ್ದೇ ಇರಬಹುದಾ? ಕತೆ ಹೇಳಿದವರ ಮನಸ್ಸಿನಲ್ಲಿ ಮಾಡಿನ ಹಂಚು ಇತ್ತಾ? ಕೇಳಿದವರಿಗೆ ಹೊಳೆದಿತ್ತಾ? ಕತೆಯೊಳಗೆ ಹೀಗೆ ಜೋಡಿಗಳನ್ನು ಹುಡುಕುವ ಈ ದಾರಿಗೆ ರಚನಾವಾದ ಅನ್ನುತ್ತಾರೆ. ಅದರ ಸುಖವೂ ಅಪಾಯವೂ ಇದೇ.

ಅದೇ ಲೇಖನದಲ್ಲಿ ಲೆವಿ ಸ್ಟ್ರಾಸ್ ಇನ್ನೊಂದು ಮಾತು ಹೇಳಿದ್ದಾರೆ. ಅದು ನನಗೆ ಬಹಳ ಇಷ್ಟ. ಒಂದು ಪುರಾಣ ಅಂದರೆ ಅದರ ಎಲ್ಲ ಪಾಠಗಳೂ ಸೇರಿದ್ದು. ಮೂಲ ಯಾವುದು, ನಕಲು ಯಾವುದು ಅನ್ನುವ ಪ್ರಶ್ನೆಯೇ ಬೇಡ. ನೂರು ವರ್ಷದ ಜಗಳವನ್ನು ಒಂದೇ ಏಟಿಗೆ ಬದಿಗೆ ಸರಿಸಿದರು.

ಮನಸ್ಸಿನ ವೈದ್ಯರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1976ರಲ್ಲಿ ಬ್ರೂನೊ ಬೆಟಲ್‌ಹೈಮ್ ಈ ಕತೆಯಲ್ಲಿ ಒಡಹುಟ್ಟಿದವರ ಹೊಟ್ಟೆಕಿಚ್ಚು ಕಂಡರು, ಮಗುವಿನ ಮನಸ್ಸಿಗೆ ಇಂಥ ಕತೆ ಔಷಧ ಅಂದರು. ಆ ಪುಸ್ತಕ ಜನಪ್ರಿಯವಾಯಿತು. ಈ ದಾರಿಯ ತೊಡಕನ್ನು ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1984ರಲ್ಲಿ ಬೇರೊಂದು ಕತೆ ಇಟ್ಟುಕೊಂಡು ಚೆನ್ನಾಗಿ ತೋರಿಸಿದರು. ತೋಳ ಮತ್ತು ಕೆಂಪು ಟೋಪಿ ಹುಡುಗಿಯ ಕತೆ ಗೊತ್ತಲ್ಲ? ಆ ಕೆಂಪು ಬಣ್ಣ ಹುಡುಗಿ ಮೈನೆರೆದದ್ದರ ಸಂಕೇತ ಎಂದು ಮನೋವಿಶ್ಲೇಷಕ ಎರಿಕ್ ಫ್ರಾಮ್ ಬರೆದಿದ್ದರು. ಫ್ರಾನ್ಸಿನ ರೈತರು ಹೇಳುತ್ತಿದ್ದ ಕತೆಯಲ್ಲಿ ಕೆಂಪು ಟೋಪಿಯೇ ಇರಲಿಲ್ಲ! ಅದು ಪೆರೊ ಸೇರಿಸಿದ್ದು. ಇಲ್ಲದ ಟೋಪಿಯಲ್ಲಿ ಇಡೀ ಜನಾಂಗದ ಮನಸ್ಸು ಕಂಡಿತ್ತು.

ಯಾರು, ಯಾರಿಗೆ, ಯಾವಾಗ

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಉಳಿದಿದ್ದ ಬ್ರೊನಿಸ್ಲಾವ್ ಮಲಿನೋವ್ಸ್ಕಿ ಕತೆಯ ಸುತ್ತಮುತ್ತ ನೋಡಲು ಕಲಿಸಿದರು. ಅಲ್ಲಿನ ಜನ ಕತೆಗಳಲ್ಲಿ ಮೂರು ಬಗೆ ಮಾಡಿಕೊಂಡಿದ್ದರು. ಕುಕ್ವನೆಬು ಅಂದರೆ ಮೋಜಿನ ಕತೆ. ಒಂದೊಂದು ಕತೆಗೂ ಒಬ್ಬೊಬ್ಬ ಒಡೆಯ ಇರುತ್ತಾನೆ. ಬೆಳೆ ನೆಟ್ಟಾದ ಮೇಲೆ, ಮಳೆ ಹೊತ್ತಿನಲ್ಲಿ ಹೇಳುತ್ತಾರೆ. ಹೇಳಿದರೆ ಹೊಸ ಬೆಳೆಗೂ ಒಳ್ಳೆಯದು ಅನ್ನುವ ಒಂದು ಮಸುಕು ನಂಬಿಕೆ. ಲಿಬ್ವೊಗ್ವೊ ಅಂದರೆ ನಡೆದದ್ದು ಎಂದು ನಂಬಿ ಹೇಳುವುದು. ಲಿಲಿಯು ಅಂದರೆ ಪವಿತ್ರವಾದದ್ದು. ಈ ಭೂಮಿ ನಮ್ಮದು ಯಾಕೆ, ಈ ಪೂಜೆ ಹೀಗೇ ಯಾಕೆ ಅನ್ನುವುದಕ್ಕೆ ಅದೇ ಹಕ್ಕುಪತ್ರ. ನಮ್ಮಲ್ಲಿ ಅಜ್ಜಿ ಕತೆ, ಐತಿಹ್ಯ, ಪುರಾಣ ಅಂತ ಬೇರೆ ಮಾಡುತ್ತೇವಲ್ಲ, ಹತ್ತಿರಹತ್ತಿರ ಹಾಗೇ. ಆದರೆ ಈ ಗೆರೆಗಳು ಗಟ್ಟಿಯಲ್ಲ. ಒಂದು ಊರಿನ ಪುರಾಣ ಪಕ್ಕದ ಊರಲ್ಲಿ ಬರೀ ಅಜ್ಜಿ ಕತೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ ಅದು ದೇವರ ಕತೆ. ಅದನ್ನೇ ನಾಟಕವಾಗಿ ನೋಡುವ ಬೆಂಗಳೂರಿನವರಿಗೆ ಸಾಹಿತ್ಯ.

ನಮ್ಮಲ್ಲಿ ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತದೆ. ಅಚ್ಚಾದ ಪುಸ್ತಕದಲ್ಲಿ ಈ ಹೂಂ ಕಾಣುವುದಿಲ್ಲ. ಗ್ರಿಮ್ ಸಹೋದರರ ಪುಸ್ತಕದಲ್ಲಿ ಇನ್ನೂ ಹಲವು ಕಾಣುವುದಿಲ್ಲ. ರೈತರ ಗುಡಿಸಲಿಗೆ ಹೋಗಿ ಕೇಳಿ ಬರೆದರು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಅವರಿಗೆ ಕತೆ ಹೇಳಿದವರಲ್ಲಿ ಬಹಳ ಮಂದಿ ಓದುಬರಹ ಬಲ್ಲ ಪೇಟೆಯ ಹೆಣ್ಣುಮಕ್ಕಳು. ಬರೆದ ಮೇಲೂ ತಿದ್ದುತ್ತ ಹೋದರು. 1812ರ ಪುಸ್ತಕದಲ್ಲಿ ಹಿಮಬಿಳುಪಿನ ಹುಡುಗಿಯನ್ನು (ಸ್ನೋ ವೈಟ್) ಕೊಲ್ಲಿಸಲು ನೋಡುವುದು ಹೆತ್ತ ತಾಯಿ. 1819ರ ಹೊತ್ತಿಗೆ ಅವಳು ಮಲತಾಯಿ ಆಗಿದ್ದಾಳೆ! ತಾಯಿ ಕೆಟ್ಟವಳಾಗಿರುವುದು ಅವರಿಗೆ ಸಹಿಸಲಿಲ್ಲ. ಹಾಗಿದ್ದ ಮೇಲೆ ಯುರೋಪಿನ ಕತೆಗಳಲ್ಲಿ ಮಲತಾಯಿ ಅಷ್ಟು ಜಾಸ್ತಿ ಯಾಕೆ ಅಂತ ಕೇಳುವಾಗ, ಅದರಲ್ಲಿ ಜನಪದದ ಪಾಲೆಷ್ಟು, ಸಂಪಾದಕರ ಪಾಲೆಷ್ಟು ಅಂತಲೂ ಕೇಳಬೇಕು. ಇಂಗ್ಲೆಂಡಿನ ಲೇಖಕಿ ಮರೀನಾ ವಾರ್ನರ್ ಅಂಥವರು ಇನ್ನೊಂದು ಮಾತು ಸೇರಿಸುತ್ತಾರೆ: ಹೆರಿಗೆಯಲ್ಲಿ ತಾಯಂದಿರು ಸಾಯುವುದು ಮಾಮೂಲಾಗಿದ್ದ ಕಾಲದಲ್ಲಿ ಮಲತಾಯಿ ಬರೀ ಸಂಕೇತ ಆಗಿರಲಿಲ್ಲ, ಮನೆಯಲ್ಲೇ ಇದ್ದಳು.

ಹಂಚಿಯಲ್ಲಿ ಮಲತಾಯಿ ಇಲ್ಲ. ಹೆತ್ತ ತಾಯಿ ಬದುಕಿದ್ದಾಳೆ, ಒಳ್ಳೆಯವಳು. ಮೊದಲು ಮುಖವಾಡ ಹಾಕಿ ಕಾಪಾಡುವವಳೂ ಕೊನೆಗೆ ಪೆಟ್ಟಿಗೆ ತೆರೆಯುವವಳೂ ಅವಳೇ. ಯಕ್ಷಿಣಿ, ಮೀನಿನ ಮೂಳೆ ಏನೂ ಬೇಕಾಗಿಲ್ಲ. ಅಪಾಯ ಬರುವುದು ಗಂಡಸರಿಂದ. ಮೊದಲು ಅಣ್ಣ, ಆಮೇಲೆ ಗುರು. ಒಬ್ಬ ಹುಟ್ಟಿದ ಮನೆಯವನು, ಒಬ್ಬ ಕೊಟ್ಟ ಮನೆಗೆ ಬೇಕಾದವನು. ಇಬ್ಬರೂ ಅವಳ ಹತ್ತಿರ ಬರಬಾರದವರು, ಇಬ್ಬರನ್ನೂ ಅವಳು ನಂಬಬೇಕಾದವರು.

ಅಪ್ಪನ ಬದಲು ಅಣ್ಣ ಯಾಕೆ? ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಾಡು ನಮ್ಮದು. ಅಣ್ಣ ತಂಗಿ ಮುಂದೆ ಬೀಗರಾಗುತ್ತಾರೆ. ನಂಟಿನೊಳಗೇ ಮದುವೆ ನಡೆಯುವ ಕಡೆ, ದಾಟಬಾರದ ಗೆರೆ ಯಾವುದು ಅನ್ನುವುದನ್ನು ಕತೆ ಎಳೆದು ತೋರಿಸಬೇಕಾಗುತ್ತದೆ. ನನಗೆ ಇದು ಹೀಗೆ ಕಾಣುತ್ತದೆ.

ಈಗ ಪ್ರಾಪ್ ಪಟ್ಟಿ ಉತ್ತರಿಸದ ಪ್ರಶ್ನೆ. ರಾಮಾನುಜನ್ ಗಮನಿಸಿದ್ದು ಏನೆಂದರೆ, ಹೆಂಗಸರೇ ಹೇಳುವ, ಹೆಂಗಸರೇ ನಡುವೆ ಇರುವ ಕತೆಗಳಲ್ಲಿ ಮದುವೆ ಕೊನೆಯಲ್ಲ. ಗಂಡು ನಾಯಕನಾದರೆ ಹುಲಿ ಕೊಂದು, ರಾಕ್ಷಸನನ್ನು ಗೆದ್ದು, ರಾಜಕುಮಾರಿ ಸಿಕ್ಕಿದ ಕೂಡಲೇ ಮಂಗಳ ಹಾಡಬಹುದು. ಹೆಣ್ಣಿಗೆ ಹಾಗಲ್ಲ. ಕಷ್ಟ ಶುರುವಾಗುವುದೇ ಗಂಡನ ಮನೆಯಲ್ಲಿ. ಮರವಾಗಿ ಹೂ ಬಿಡುವ ಹುಡುಗಿಯ ಕನ್ನಡ ಕತೆಯಲ್ಲೂ ಹೀಗೇ, ಮದುವೆಯ ಆಚೆಯೇ ನಿಜವಾದ ಗಂಡಾಂತರ. ಗಂಡ ಹೆಂಡತಿಯನ್ನು ಮೊದಲ ಸಲ ಕಂಡದ್ದು ಮುಖ ನೋಡಿ, ಚೆಲುವು ನೋಡಿ. ಅಷ್ಟಕ್ಕೆ ಆದ ಮದುವೆ ಒಂದು ಚಾಡಿ ಮಾತಿಗೆ ಮುರಿದುಬಿತ್ತು. ಎರಡನೇ ಸಲ ಗುರುತು ಸಿಕ್ಕಿದ್ದು ಮುಖದಿಂದಲ್ಲ, ಅವಳು ದಿನಾ ಮಾಡುತ್ತಿದ್ದ ಕೆಲಸದಿಂದ. ಕೈರುಚಿ ಅನ್ನುತ್ತೇವಲ್ಲ, ಅದನ್ನು ಇನ್ನೊಬ್ಬರು ಹಾಕಿಕೊಂಡು ನೋಡಲು ಆಗುವುದಿಲ್ಲ. ಗ್ರಿಮ್ ಕತೆಯ ಅಕ್ಕಂದಿರು ಬೆರಳು ಹಿಮ್ಮಡಿ ಕೊಯ್ದುಕೊಂಡು ಚಪ್ಪಲಿಗೆ ಕಾಲು ತೂರಿಸಲು ನೋಡಿದರು. ಕೈರುಚಿಗೆ ಅಂಥ ಮೋಸ ನಡೆಯದು.

ಇನ್ನೊಂದು ದಿಕ್ಕಿನಿಂದಲೂ ಇದೇ ಗಮನಿಸಿ. ಅಮೆರಿಕದ ಮೂಲನಿವಾಸಿಗಳಾದ ಜ಼ೂನಿ ಜನರಲ್ಲಿ ಟರ್ಕಿ ಕೋಳಿ ಕಾಯುವ ಹುಡುಗಿಯ ಕತೆ ಇದೆ. ಮಾನವಶಾಸ್ತ್ರಜ್ಞ ಫ್ರಾಂಕ್ ಕುಶಿಂಗ್ ಬರೆದುಕೊಂಡದ್ದು, 1901ರಲ್ಲಿ ಅಚ್ಚಾಯಿತು. ಕೋಳಿಗಳೇ ಅವಳಿಗೆ ಸಿಂಗಾರ ಮಾಡಿ ಕುಣಿತಕ್ಕೆ ಕಳಿಸುತ್ತವೆ, ನಮ್ಮನ್ನು ಮರೆಯಬೇಡ, ಹೊತ್ತಿಗೆ ಮುಂಚೆ ಬಾ ಅನ್ನುತ್ತವೆ. ಕುಣಿತದ ಗುಂಗಿನಲ್ಲಿ ಅವಳು ತಡ ಮಾಡುತ್ತಾಳೆ. ಕೋಳಿಗಳು ಕಾಡಿಗೆ ಹೊರಟುಹೋಗುತ್ತವೆ. ಅವಳ ಬಟ್ಟೆ ಮತ್ತೆ ಚಿಂದಿ. ರಾಜಕುಮಾರ ಇಲ್ಲ, ಚಪ್ಪಲಿ ಇಲ್ಲ, ಮದುವೆಯೂ ಇಲ್ಲ. ಪೆರೊನ ಕತೆಯಲ್ಲಿ ಹೊತ್ತು ಮೀರುವುದು ಒಂದು ಸಣ್ಣ ಪೇಚು. ಇಲ್ಲಿ ಅದು ಕೊಟ್ಟ ಮಾತಿಗೆ ತಪ್ಪಿದ್ದು. ಸಾಕಿದ ಪ್ರಾಣಿಗಳಿಗೆ ಕೊಟ್ಟ ಮಾತು. ಅದಕ್ಕೆ ಅಲ್ಲಿ ಮಾಫಿ ಇಲ್ಲ.

ಇತ್ತೀಚೆಗೆ ಮೂಲದ ಹುಡುಕಾಟ ಕಂಪ್ಯೂಟರ್ ಹಿಡಿದುಕೊಂಡು ಮರಳಿ ಬಂದಿದೆ. ಇಂಗ್ಲೆಂಡಿನ ಜಮ್ಶೀದ್ ತೆಹ್ರಾನಿ 2013ರಲ್ಲಿ ಕೆಂಪು ಟೋಪಿ ಕತೆಯ 58 ಪಾಠಗಳಿಗೆ, ಜೀವಶಾಸ್ತ್ರದವರು ಪ್ರಾಣಿಗಳಿಗೆ ಬರೆಯುವಂಥ ವಂಶವೃಕ್ಷ ಬರೆದರು. 2016ರಲ್ಲಿ ಸಾರಾ ಗ್ರಾಸಾ ದ ಸಿಲ್ವಾ ಜೊತೆ ಸೇರಿ 275 ಮಾಯಾ ಕತೆಗಳನ್ನು ಇಂಡೋ-ಯುರೋಪಿಯನ್ ಭಾಷೆಗಳ ಕುಟುಂಬದ ಮೇಲೆ ಹರಡಿ ನೋಡಿದರು. ಕಮ್ಮಾರ ಮತ್ತು ಸೈತಾನನ ಕತೆ ಕಂಚಿನ ಯುಗದಷ್ಟು ಹಳೆಯದಿರಬಹುದು ಅಂದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಯಂತ್ರಕ್ಕೆ ಉಣಿಸಿದ್ದು ಅದೇ ಹಳೆಯ ನಂಬರಿನ ಪಟ್ಟಿ. ಯಾವ ಊರಲ್ಲಿ ಕತೆ ಕೇಳಿ ಬರೆದುಕೊಳ್ಳುವವರು ಇರಲಿಲ್ಲವೋ ಆ ಊರು ಮರದಲ್ಲಿ ಕೊಂಬೆಯಾಗುವುದಿಲ್ಲ. ಮತ್ತೆ ಕನ್ನಡ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಯೇ ಅಲ್ಲವಲ್ಲ, ಹಾಗಾಗಿ ಹಂಚಿ ಆ ಮರದ ಹೊರಗೇ ಉಳಿಯುತ್ತಾಳೆ.

ಕತೆ ಊರು ಬದಲಿಸುವುದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಅದೇ ಕುಶಿಂಗ್‌ಗೆ ಒಮ್ಮೆ ಆ ಭಾಗ್ಯ ಸಿಕ್ಕಿತು. ಜ಼ೂನಿ ಗೆಳೆಯರೊಂದಿಗೆ ಕೂತು ಕತೆ ಹೇಳಿಕೊಳ್ಳುತ್ತಿದ್ದಾಗ ಅವರು ಇಟಲಿಯ ಒಂದು ಪುಟ್ಟ ಸರಪಳಿ ಕತೆ ಹೇಳಿದರು, ಹುಂಜ ಮತ್ತು ಇಲಿಯದು. ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಅವರಲ್ಲೇ ಒಬ್ಬ ಆ ಕತೆಯನ್ನು ತನ್ನ ಜನರಿಗೆ ಹೇಳುವುದು ಕುಶಿಂಗ್ ಕಿವಿಗೆ ಬಿತ್ತು. ಕತೆ ಹಲವು ಪಟ್ಟು ಉದ್ದವಾಗಿತ್ತು. ಇಟಲಿಯಲ್ಲಿ ಸುಮ್ನೆ ನಡೆದುಹೋಗುವ ಸಂಗತಿಗಳಿಗೆಲ್ಲ ಅಲ್ಲಿ ಕಾರಣ ಸಿಕ್ಕಿತ್ತು. ಹುಂಜ, ಇಲಿ, ಮುದುಕಿ ಎಲ್ಲರೂ ಜ಼ೂನಿ ಊರಿನವರೇ ಆಗಿದ್ದರು. ಕೇಳುತ್ತಿದ್ದವರಲ್ಲಿ ಯಾರಿಗೂ ಅದು ಹೊರಗಿನದು ಅನ್ನಿಸುವ ಹಾಗಿರಲಿಲ್ಲ.